ಮೂರು ಹೊತ್ತಿನ ಒಂದು ಕುಡಿಕೆ

"ಯಾವ ಬಾಳೆಹಣ್ಣು?" ಎಂದು ನಾನು ಕೇಳಿದಾಗ ನಮ್ಮನ್ನು ಕರೆದೊಯ್ಯುತ್ತಿದ್ದ ಹುಡುಗ ಒಂದು ಕ್ಷಣ ಸುಮ್ಮನಾದ. ಕಳೆದ ಡಿಸೆಂಬರಿನ ಒಂದು ಶನಿವಾರ ಸಂಜೆ, ಬೆಂಗಳೂರಿನ ಇಂದಿರಾನಗರದಲ್ಲಿ, ಬಿಯರನ್ನು ಅಲ್ಲಿಯೇ ತಯಾರಿಸಿ ಅಲ್ಲಿಯೇ ಬಡಿಸುವ ಒಂದು ಮನೆಯೊಳಗೆ ನಾವು ಹನ್ನೊಂದು ಮಂದಿ ಅವನ ಸುತ್ತ ನಿಂತಿದ್ದೆವು. ಎಲ್ಲರ ಕೈಯಲ್ಲೂ ನಾಲ್ಕು ಗುಟುಕು ಹಿಡಿಯುವಷ್ಟು ಪುಟ್ಟ ಗ್ಲಾಸು, ಅದರಲ್ಲಿ ಮಬ್ಬು ಹೊಂಬಣ್ಣದ ಗೋಧಿ ಬಿಯರು. ಮೊದಲು ಮೂಸಿ ನೋಡಿ, ಆಮೇಲೆ ಒಂದು ಗುಟುಕನ್ನು ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಿ, ಬಾಳೆಹಣ್ಣೂ ಲವಂಗವೂ ಸಿಗುತ್ತದೆ ಎಂದು ಅವನು ಹೇಳಿದ್ದ. ನನಗೂ ಸಿಕ್ಕಿತು. ಆದರೆ ಕಾಸರಗೋಡಿನ ಕಡೆಯವರಿಗೆ ಬರಿದೇ ಬಾಳೆಹಣ್ಣು ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ. ನೇಂದ್ರವೋ, ಪೂವನ್ನೋ, ಮೈಸೂರು ಬಾಳೆಯೋ, ಕದಳಿಯೋ? ಮತ್ತೊಮ್ಮೆ ಮೂಸಿದೆ. "ಇದು ಕದಳಿ. ಸಿಪ್ಪೆ ಕಪ್ಪಾಗಿ, ಮುಟ್ಟಿದರೆ ಗೊನೆಯಿಂದ ಉದುರಿ ಬೀಳುವ ದಿನದ ಕದಳಿ" ಎಂದೆ. ಅವನು ತನ್ನ ಗ್ಲಾಸನ್ನು ಪುನಃ ಮೂಗಿನ ಬಳಿಗೆ ತಂದು, ಕಣ್ಣು ಮುಚ್ಚಿ, ತಲೆಯಾಡಿಸಿದ. "ಇಷ್ಟು ವರ್ಷ ಇದನ್ನು ಬಾಳೆಹಣ್ಣು ಅಂತಲೇ ಹೇಳಿಕೊಂಡು ಬಂದೆ, ಮೇಡಂ" ಎಂದು ಕನ್ನಡದಲ್ಲಿ ಹೇಳಿದ. ಅಲ್ಲಿಯವರೆಗೆ ಅವನು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ.

ಕುಂಬಳೆಯ ಸಮೀಪದ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಮದ್ಯದ ಹೆಸರನ್ನೂ ಎತ್ತದ ಮನೆಯಲ್ಲಿ ಬೆಳೆದೆ, ಅಂತಹುದೇ ಮನೆಗೆ ಸೇರಿದೆ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಬಿಯರ್ ಮನೆಗಳನ್ನು ಸುತ್ತುವ ಈ ನಡಿಗೆಗೆ ತನ್ನೊಂದಿಗೆ ನನ್ನ ಹೆಸರನ್ನೂ ಬರೆಸಿ, ಇದು ಕುಡಿಯುವ ಕೂಟವಲ್ಲ, ರುಚಿ ನೋಡುವ ಪಾಠ ಎಂದು ಒತ್ತಾಯಿಸಿದ್ದರಿಂದ ಹೋದೆ. ಹೋದದ್ದಕ್ಕೆ ನನಗೆ ಸಂತೋಷವೇ ಇದೆ. ಆದರೆ ಮರಳಿ ಊರಿಗೆ ಬರುವ ರೈಲಿನಲ್ಲಿ ಒಂದು ಸಂಗತಿ ಮನಸ್ಸನ್ನು ಕೊರೆಯಲಾರಂಭಿಸಿತು. ಆ ಕದಳಿಯ ವಾಸನೆ ನನಗೆ ಹಣ್ಣಿನಿಂದ ಮಾತ್ರ ಪರಿಚಿತವಾದದ್ದಲ್ಲ. ಅದನ್ನು ನಾನು ಮೊದಲು ಅರಿತದ್ದು ಎಂಟೋ ಒಂಬತ್ತೋ ವರ್ಷದವಳಿದ್ದಾಗ, ಶಾಲೆಯ ದಾರಿಯ ತೆಂಗಿನ ಮರವೊಂದರ ಬುಡದಲ್ಲಿ.

ನೂರಡಿ ರಸ್ತೆಯ ಪಾಠ

ಇಂದಿರಾನಗರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಮಾಡಿದ ಬಡಾವಣೆ. ಒಂದು ಕಾಲದಲ್ಲಿ ನಿವೃತ್ತರ ಬಂಗಲೆಗಳ, ನೆರಳು ಮರಗಳ ಬೀದಿಗಳು. ಈಗ ನೂರಡಿ ರಸ್ತೆಯಲ್ಲೂ ಹನ್ನೆರಡನೆಯ ಮುಖ್ಯರಸ್ತೆಯಲ್ಲೂ ಮನೆಗಳಿಗಿಂತ ಊಟದ ಮನೆಗಳೇ ಹೆಚ್ಚು. ನಮ್ಮ ದೇಶದಲ್ಲಿ ಇಂತಹ ಕಿರು ಬಿಯರ್ ತಯಾರಿಕೆ ಬೇರು ಬಿಟ್ಟು ಇನ್ನೂ ಎರಡು ದಶಕವಾಗಿಲ್ಲ. ಪುಣೆಯಲ್ಲಿ ಡೂಲಾಲಿ 2009ರಲ್ಲಿ ತೊಡಗಿತು; ಇದೇ ನೂರಡಿ ರಸ್ತೆಯಲ್ಲಿ ಟಾಯ್ಟ್ 2010ರಲ್ಲಿ ಬಾಗಿಲು ತೆರೆಯಿತು. ಆಮೇಲೆ ಊರು ತುಂಬ ಹರಡಿದ್ದನ್ನು ನಾನು ಹೇಳಬೇಕಾಗಿಲ್ಲ.

ನಡಿಗೆ ಮೆಟ್ರೋ ನಿಲ್ದಾಣದ ಬಳಿಯಿಂದ ಹೊರಟು ನಾಲ್ಕು ಕಡೆ ನಿಂತಿತು. ನನ್ನ ನೆನಪಿನಲ್ಲಿ ಗಟ್ಟಿಯಾಗಿ ಉಳಿದದ್ದು ಎರಡನೆಯ ನಿಲುಗಡೆ. ಗಾಜಿನ ಗೋಡೆಯಾಚೆ ಆಳೆತ್ತರದ ಉಕ್ಕಿನ ಹಂಡೆಗಳು. ಒಳಗಿನಿಂದ ಗಂಜಿ ಬೇಯುವ ವಾಸನೆ. ಹುಡುಗ ನಮ್ಮ ಅಂಗೈಗೆ ನಾಲ್ಕೈದು ಕಾಳು ಮಾಲ್ಟ್ ಹಾಕಿದ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಆ ಮೊಳಕೆ ಮುಂದೆ ಹೋಗದಂತೆ ಒಣಗಿಸಿದ್ದು. ನಾವು ಹೆಸರನ್ನೋ ರಾಗಿಯನ್ನೋ ಮೊಳಕೆ ಕಟ್ಟುವುದಿಲ್ಲವೇ, ಹಾಗೆಯೇ. ಅಗಿದರೆ ಮೊದಲು ಹೊಟ್ಟಿನ ಒರಟು, ಆಮೇಲೆ ನಿಧಾನವಾಗಿ ಸಿಹಿ. ಈ ಕಾಳನ್ನು ನುಚ್ಚು ಮಾಡಿ, ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆಯಷ್ಟು ಹೊತ್ತು ಇಟ್ಟರೆ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬೆರೆಸುತ್ತಾರೆ. ಹಾಪ್ಸ್ ಎನ್ನುವುದು ಒಂದು ಬಳ್ಳಿಯ ಹೂವು. ಅದರ ಹಸಿರು ಉಂಡೆಯೊಂದನ್ನು ನನ್ನ ಅಂಗೈಯಲ್ಲಿಟ್ಟು ಉಜ್ಜಿ ನೋಡಲು ಹೇಳಿದ. ಹಲಸಿನ ಮೇಣದಷ್ಟಲ್ಲದಿದ್ದರೂ ಅಂಟಂಟಾಗಿ, ಕಂಚಿಕಾಯಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದಾಗಿನ ಕಟುಗಂಧ ಬಂತು. ರಾತ್ರಿ ಮನೆಗೆ ಹೋಗಿ ಎರಡು ಸಲ ಸಾಬೂನು ಹಾಕಿದರೂ ಬೆರಳಿನಿಂದ ಹೋಗಲಿಲ್ಲ.

ಬಾಳೆಹಣ್ಣಿನ ಗುಟ್ಟು ತಿಳಿದದ್ದೂ ಅಲ್ಲಿಯೇ. ಆ ಗೋಧಿ ಬಿಯರಿಗೆ ಯಾರೂ ಹಣ್ಣು ಹಾಕಿರುವುದಿಲ್ಲ, ಲವಂಗವನ್ನೂ ಹಾಕಿರುವುದಿಲ್ಲ. ಎರಡೂ ಯೀಸ್ಟಿನ ಕೆಲಸ. ಸಕ್ಕರೆಯನ್ನು ಮದ್ಯಸಾರವಾಗಿಸುವ ಹೊತ್ತಿನಲ್ಲಿ ಅದು ಐಸೋಅಮೈಲ್ ಅಸಿಟೇಟ್ ಎಂಬ ವಸ್ತುವನ್ನೂ ಹೊರಬಿಡುತ್ತದೆ. ಮಾಗಿದ ಬಾಳೆಹಣ್ಣಿನ ಪರಿಮಳದಲ್ಲಿ ಮುಖ್ಯವಾಗಿರುವುದೂ ಅದೇ. ಹುದುಗುವ ಹಂಡೆ ಸ್ವಲ್ಪ ಬೆಚ್ಚಗಿದ್ದರೆ ಈ ಹಣ್ಣಿನ ವಾಸನೆ ಮುಂದಾಗುತ್ತದೆ. ಅಂದರೆ ಹಂಡೆಯ ಬಿಸಿಯನ್ನು ಎರಡು ಡಿಗ್ರಿ ಏರಿಸುವುದೋ ಇಳಿಸುವುದೋ ಎಂಬ ನಿರ್ಧಾರ ಕುಡಿಯುವವನ ಮೂಗಿಗೆ ತಲಪುತ್ತದೆ. ನನಗೆ ಇದು ಬಹಳ ದೊಡ್ಡ ವಿಷಯವಾಗಿ ಕಂಡಿತು.

ಕೊನೆಯಲ್ಲಿ ಅವನು ಎಲ್ಲರಿಗೂ ಒಂದೊಂದು ರಟ್ಟಿನ ಕಾರ್ಡು ಕೊಟ್ಟ. ಅದರ ಮೇಲೆ ಬಣ್ಣಬಣ್ಣದ ಒಂದು ಚಕ್ರ. 1970ರ ದಶಕದಲ್ಲಿ ಮಾರ್ಟನ್ ಮೈಲ್‌ಗಾರ್ಡ್ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ ರೂಪುಗೊಂಡ ಬಿಯರಿನ ರುಚಿಚಕ್ರದಲ್ಲಿ ನೂರಕ್ಕೂ ಹೆಚ್ಚು ಪದಗಳಿದ್ದವಂತೆ. ಇದು ಅದರ ಸರಳ ರೂಪ. ಗುಣಗಳಿಗಷ್ಟೇ ಅಲ್ಲ, ದೋಷಗಳಿಗೂ ಅಲ್ಲಿ ಹೆಸರಿದೆ. ಬೆಣ್ಣೆ ಕಾಯಿಸಿದ ವಾಸನೆ ಬಂದರೆ ಡೈಅಸಿಟೈಲ್, ಹಸಿ ಸೇಬಿನ ವಾಸನೆಗೆ ಅಸಿಟಾಲ್ಡಿಹೈಡ್, ಬಿಸಿಲು ತಾಗಿ ಕೆಟ್ಟದ್ದಕ್ಕೆ ಬೇರೆಯೇ ಒಂದು ಮಾತು. ಬಿಯರಿನ ಬಾಟಲಿಗಳು ಕಂದು ಬಣ್ಣದವಾಗಿರುವುದು ಆ ಕೊನೆಯ ದೋಷಕ್ಕೆ ಹೆದರಿಯೇ ಎಂದು ಅವನು ಹೇಳಿದಾಗ ಗುಂಪಿನಲ್ಲಿದ್ದ ಹುಡುಗಿಯೊಬ್ಬಳು ಬರೆದುಕೊಂಡಳು. ಇಪ್ಪತ್ತೈದರ ಆಸುಪಾಸಿನ ಆ ಮಕ್ಕಳು ಒಂದೊಂದು ಗುಟುಕಿಗೂ ಪದ ಹುಡುಕುತ್ತಿದ್ದ ಶ್ರದ್ಧೆಯನ್ನು ಕಂಡು ನನಗೆ ನನ್ನ ತರಗತಿಯ ಒಳ್ಳೆಯ ದಿನಗಳು ನೆನಪಾದವು. ಕಪ್ಪು ಬಿಯರಿನ ಸರದಿ ಬಂದಾಗ ಹುರಿದ ಕಾಫಿ ಎಂದು ಒಬ್ಬರು, ಚಾಕಲೇಟು ಎಂದು ಇನ್ನೊಬ್ಬರು ಹೇಳಿದರು. ನಾನು ಗೆರಟೆ ಸುಟ್ಟ ಹೊಗೆ ಎಂದೆ. ಗೆರಟೆ ಎಂದರೆ ತೆಂಗಿನ ಚಿಪ್ಪು ಎಂದು ವಿವರಿಸಬೇಕಾಯಿತು.

ಉಸಿರು ಹಿಡಿದು ದಾಟಿದ ದಾರಿ

ನಾವು ಶಾಲೆಗೆ ಹೋಗುತ್ತಿದ್ದುದು ಬೈಲು ದಾಟಿ, ತೆಂಗಿನ ಹಿತ್ತಿಲುಗಳ ನಡುವಿನ ಕಾಲುದಾರಿಯಲ್ಲಿ. ಬೆಳಗ್ಗೆ ಆ ದಾರಿಯಲ್ಲಿ ನಡೆದರೆ ಎಲ್ಲೋ ಮೇಲಿನಿಂದ ಟಕ್ ಟಕ್ ಟಕ್ ಎಂಬ ಸದ್ದು ಕೇಳುತ್ತಿತ್ತು. ಮರಕುಟಿಗನದಲ್ಲ, ಅದಕ್ಕಿಂತ ಮೆತ್ತಗಿನ, ಎಣಿಕೆಯಿಟ್ಟ ಸದ್ದು. ಕಳ್ಳು ಇಳಿಸುವ ಮೂರ್ತೆಯವರು ತೆಂಗಿನ ಮರದ ತಲೆಯಲ್ಲಿ ಕುಳಿತು, ಇನ್ನೂ ಬಿರಿಯದ ಹೊಂಬಾಳೆಯನ್ನು ಹಗ್ಗದಿಂದ ಬಿಗಿದು, ಸುತ್ತಲೂ ಹದವಾಗಿ ಬಡಿಯುವ ಸದ್ದು ಅದು. ಹಲವು ದಿನ ಹೀಗೆ ಬಡಿದು, ತುದಿಯನ್ನು ದಿನವೂ ಕಾಗದದಷ್ಟು ತೆಳುವಾಗಿ ಸವರಿದರೆ ರಸ ಜಿನುಗಲು ತೊಡಗುತ್ತದೆ. ಮರದ ಬುಡದಲ್ಲಿ ಅವರ ಮಣ್ಣಿನ ಕುಡಿಕೆಗಳು ಸಾಲಾಗಿ ಇರುತ್ತಿದ್ದವು. ಕೆಲವುಗಳ ಬಾಯಲ್ಲಿ ನೊರೆ, ನೊರೆಯಲ್ಲಿ ಸಿಕ್ಕಿ ಒದ್ದಾಡುವ ಜೇನುನೊಣ. ಅಲ್ಲಿಗೆ ಬಂದಾಗ ಉಸಿರು ಹಿಡಿದು ಓಡಬೇಕೆಂಬುದು ಅಮ್ಮನ ಅಪ್ಪಣೆಯಾಗಿತ್ತು. ನಾನು ಓಡುತ್ತಿದ್ದೆ, ಆದರೆ ಉಸಿರನ್ನು ಪೂರ್ತಿಯಾಗಿ ಹಿಡಿಯುತ್ತಿರಲಿಲ್ಲ. ಆ ವಾಸನೆ ನನಗೆ ಇಷ್ಟವಾಗಿತ್ತು. ಇದನ್ನು ಇದುವರೆಗೆ ಯಾರಲ್ಲಿಯೂ ಹೇಳಿರಲಿಲ್ಲ.

ಬೇಳದ ಇಗರ್ಜಿಯ ಕಡೆಯಿಂದ ಬರುತ್ತಿದ್ದ ಗೆಳತಿಯೊಬ್ಬಳು ಹಬ್ಬದ ಮರುದಿನ ಬುತ್ತಿಯಲ್ಲಿ ಸಾನ್ನ ತರುತ್ತಿದ್ದಳು. ಬೆಳ್ಳಗೆ, ಹತ್ತಿಯಂತೆ ಉಬ್ಬಿದ, ತುಸು ಸಿಹಿ ತುಸು ಹುಳಿಯ ಆ ಇಡ್ಲಿಯನ್ನು ನಾನು ಅರ್ಧ ಕಸಿದು ತಿನ್ನುತ್ತಿದ್ದೆ. ಅದರ ಹಿಟ್ಟು ಉಬ್ಬುವುದು ಕಳ್ಳಿನಿಂದ ಎಂದು ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಉಸಿರು ಹಿಡಿದು ದಾಟಿದ್ದನ್ನೇ ನಾನು ಹಲವು ವರ್ಷ ಇಷ್ಟಪಟ್ಟು ಉಂಡಿದ್ದೆ.

ಕನ್ನಡಕ್ಕೆ ಈ ವಿಷಯದಲ್ಲಿ ಮಾತು ಕಡಿಮೆಯಿರಲಿಲ್ಲ. ಹಳಗನ್ನಡದ ಚಂಪೂ ಕವಿಗಳು ಪಾನಗೋಷ್ಠಿಯನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಹೆಂಡದ ಮಾರಯ್ಯನೆಂಬವನಿದ್ದ. ಹೆಂಡ ಮಾರುವುದೇ ಅವನ ಕಾಯಕವಾಗಿತ್ತು. ಅವನನ್ನು ತರಗತಿಯಲ್ಲಿ ಹೆಸರಿಸುವಾಗ ಕಾಯಕದ ಬಗ್ಗೆ ಹೇಳುತ್ತಿದ್ದೆನೇ ಹೊರತು ಹೆಂಡದ ಬಗ್ಗೆ ಒಂದು ಮಾತನ್ನೂ ಹೇಳುತ್ತಿರಲಿಲ್ಲ. ಒಗರು, ಚೊಗರು, ಕಮಟು, ಮುಗ್ಗು, ಘಾಟು, ಹಳಸು ಎಂದು ಮೂಗು ನಾಲಿಗೆಗಳಿಗೆ ನಮ್ಮಲ್ಲಿ ಎಷ್ಟೊಂದು ಪದಗಳಿವೆ. ಅವುಗಳಲ್ಲಿ ಒಂದನ್ನಾದರೂ ಕಳ್ಳಿಗೆ ಕೂಡಿಸಿ ಯಾರಾದರೂ ನನ್ನೆದುರು ಆಡಿದ್ದು ನೆನಪಿಲ್ಲ. ಕಳ್ಳು ಎಂದರೆ ಕಳ್ಳು, ಅದಕ್ಕೆ ರುಚಿಯೆಂಬುದಿಲ್ಲ, ಅಮಲು ಮಾತ್ರ ಇರುವುದು ಎಂಬಂತೆ ನಾವು ಬೆಳೆದೆವು.

ಇದಕ್ಕೆ ಕಾರಣಗಳೂ ಇದ್ದವು, ಅವುಗಳನ್ನು ನಾನು ಹಗುರಾಗಿ ಕಾಣಲಾರೆ. ಕುಡಿತದಿಂದ ಹಾಳಾದ ಮನೆಗಳ ಮಕ್ಕಳು ನನ್ನ ತರಗತಿಯಲ್ಲಿ ಪ್ರತಿವರ್ಷವೂ ಇದ್ದರು. 1948ರಲ್ಲಿ ಇಡೀ ಮದ್ರಾಸ್ ಪ್ರಾಂತದಲ್ಲಿ ಪಾನನಿರೋಧ ಬಂದಾಗ ನಮ್ಮ ತಾಲೂಕೂ ಅದರೊಳಗಿತ್ತು. ನನ್ನ ಅಜ್ಜ ಅದನ್ನು ಒಳ್ಳೆಯ ಕಾಲವೆಂದೇ ನೆನೆಯುತ್ತಿದ್ದರು. ಅದಕ್ಕೂ ಮೊದಲೇ ನಾರಾಯಣ ಗುರುಗಳು ಮದ್ಯವನ್ನು ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದು ಮೂರ್ತೆಯ ಕಸುಬಿನ ಸಮುದಾಯಗಳಿಗೇ ನೇರವಾಗಿ ಹೇಳಿದ್ದರು. ಆ ಮಾತನ್ನು ಕೇಳಿ ಮರ ಹತ್ತುವುದನ್ನು ಬಿಟ್ಟು ಓದಿ ಮೇಲೆ ಬಂದ ಮನೆತನಗಳು ನಮ್ಮ ಸುತ್ತಮುತ್ತ ಬಹಳ ಇವೆ. ಅವರು ಬಿಟ್ಟು ಬಂದದ್ದನ್ನು ಇಂದು ನಾನು ಚಂದವೆಂದು ಹೊಗಳಿದರೆ ಅವರಿಗೆ ನೋವಾಗಬಹುದು. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರ ಮನೆಗಳನ್ನೂ ನಾನು ಕಂಡಿದ್ದೇನೆ. ಆದರೂ ಆ ರಟ್ಟಿನ ಚಕ್ರವನ್ನು ಚೀಲದಲ್ಲಿಟ್ಟುಕೊಂಡು ಊರಿಗೆ ಮರಳಿದ ನನಗೆ, ದೂರ ದೇಶದ ಬಾರ್ಲಿಯ ರುಚಿಗೆ ಪದ ಹುಡುಕಿದವಳು ಹಿತ್ತಿಲ ತೆಂಗಿನ ರುಚಿಯನ್ನು ಬಲ್ಲವರಲ್ಲಿ ಒಮ್ಮೆಯೂ ಕೇಳಲಿಲ್ಲವಲ್ಲ ಎಂಬುದು ನಿದ್ದೆಗೆಡಿಸಿತು.

ಎಳತು, ಬಲಿತದ್ದು

ನಮ್ಮ ಪಕ್ಕದ ಹಿತ್ತಿಲಿನ ಮೂರು ಮರಗಳನ್ನು ಈಗಲೂ ಮೂರ್ತೆಗೆ ಕೊಟ್ಟಿದ್ದಾರೆ. ಮರದ ಮೈಮೇಲೆ ಅಬಕಾರಿ ಇಲಾಖೆಯ ನಂಬರು ಬರೆದಿದೆ. ಇಳಿಸಿದ ಕಳ್ಳು ಕಪ್ಪು ಹಲಗೆಯಲ್ಲಿ ಬಿಳಿಯ ಮಲಯಾಳ ಅಕ್ಷರಗಳಿರುವ ಶಾಪಿಗೆ ಹೋಗುತ್ತದೆ. ಮರ ಹತ್ತುವವರಿಗೆ ಅರುವತ್ತು ದಾಟಿದೆ. ಮನೆಮಾತು ತುಳು, ಶಾಪಿನವರೊಂದಿಗೆ ಮಲಯಾಳ, ನನ್ನೊಂದಿಗೆ ಕನ್ನಡ. ಫೆಬ್ರವರಿಯ ಒಂದು ಬೆಳಗ್ಗೆ ನಾನು ಬೇಲಿಯ ಬಳಿ ಕಾದು ನಿಂತು, ನಿಮ್ಮ ಕಳ್ಳಿನ ರುಚಿಯನ್ನು ಹೇಗೆ ತಿಳಿಯುವುದು ಎಂದು ಕೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಟೀಚರಿಗೆ ಯಾಕೆ ಅದು?" ಎಂದರು. ಬೆಂಗಳೂರಿನ ನಡಿಗೆಯನ್ನು ವಿವರಿಸಿ, ಕಾರ್ಡನ್ನು ತೋರಿಸಿದೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದರಲ್ಲಿ ಗಂಟೆ ಎಲ್ಲಿದೆ?" ಎಂದರು.

ಅವರ ಆ ಪ್ರಶ್ನೆ ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ಮಾತಾಡುತ್ತ ಹೋದಂತೆ ತಿಳಿಯಿತು. ಅವರ ಪದಗಳಲ್ಲಿ ಹಣ್ಣಿಲ್ಲ, ಲವಂಗವಿಲ್ಲ, ಬೆಣ್ಣೆಯಿಲ್ಲ. ಎಳತು, ಬಲಿತದ್ದು, ಮುದಿಯಾದದ್ದು. ಶಾಪಿನ ಮಾತಿನಲ್ಲಾದರೆ ಇಳಂಕಳ್ಳು, ಮೂತ್ತ ಕಳ್ಳು. ಎಲ್ಲವೂ ಪ್ರಾಯವನ್ನು ಹೇಳುವ ಪದಗಳು. ಹುಡುಗ ತೋರಿಸಿದ ಬಿಯರು ಹಂಡೆಯೊಳಗೆ ವಾರಗಟ್ಟಲೆ ಹುದುಗಿ, ತಣಿದು, ನಿಂತ ಬಳಿಕ ಗ್ಲಾಸಿಗೆ ಬರುತ್ತದೆ. ರುಚಿ ಒಂದು ಕಡೆ ನಿಂತಿರುವುದರಿಂದ ಅದಕ್ಕೆ ವಸ್ತುಗಳ ಹೆಸರು ಹೊಂದುತ್ತದೆ. ಕಳ್ಳು ನಿಲ್ಲುವುದೇ ಇಲ್ಲ. ಹೊಂಬಾಳೆಯಿಂದ ಹನಿಯುವಾಗ ಅದು ಬರೀ ಸಿಹಿರಸ. ಕುಡಿಕೆಯ ಗೋಡೆಗೆ ಅಂಟಿಕೊಂಡ ನಿನ್ನೆಯ ಯೀಸ್ಟ್ ಅದನ್ನು ಅಲ್ಲಿಯೇ, ಮರದ ಮೇಲೆಯೇ, ಹಿಡಿಯುತ್ತದೆ. ಇಂದಿರಾನಗರದಲ್ಲಿ ಯೀಸ್ಟನ್ನು ಅಳೆದು ಬೆರೆಸುತ್ತಾರೆ, ಇಲ್ಲಿ ಕುಡಿಕೆಯೇ ಅದನ್ನು ಕಾಪಿಟ್ಟುಕೊಂಡಿರುತ್ತದೆ. ಅದಕ್ಕಾಗಿಯೇ ಕುಡಿಕೆಯನ್ನು ಎಷ್ಟು ತೊಳೆಯಬೇಕು, ಎಷ್ಟು ತೊಳೆಯಬಾರದು ಎಂಬುದರಲ್ಲಿ ಅರ್ಧ ವಿದ್ಯೆಯಿದೆ ಎಂದು ಅವರು ಹೇಳಿದರು. ಒಳಗೆ ಸುಣ್ಣ ಬಳಿದರೆ ಹುದುಗುವುದು ತಡೆದು ಸಿಹಿಗಳ್ಳು ಉಳಿಯುತ್ತದೆ. ಇದೇ ತಡೆಯುವ ಕೆಲಸವನ್ನು ಸುಣ್ಣವಿಲ್ಲದೆ, ಮಂಜುಗಡ್ಡೆಯ ಪೆಟ್ಟಿಗೆಯನ್ನು ಹೊಂಬಾಳೆಗೆ ಜೋಡಿಸಿ ಮಾಡುವ ವಿಧಾನವನ್ನು ಕಾಸರಗೋಡಿನ ಕೂಡ್ಲಿನಲ್ಲಿರುವ ತೋಟಗಾರಿಕಾ ಬೆಳೆಗಳ ಕೇಂದ್ರ ಸಂಶೋಧನಾಲಯದವರು ಕಂಡುಹಿಡಿದು, ಆ ರಸಕ್ಕೆ ಕಲ್ಪರಸ ಎಂದು ಹೆಸರಿಟ್ಟಿದ್ದಾರೆ. 1916ರಲ್ಲಿ ತೆಂಗಿನ ಸಂಶೋಧನೆಗೆಂದೇ ತೊಡಗಿದ ಸ್ಥಳ ಅದು. ನಾನು ಅಲ್ಲಿಯ ಕಲ್ಪರಸವನ್ನು ಕುಡಿದಿದ್ದೇನೆ, ಚೆನ್ನಾಗಿದೆ. ಆದರೆ ಅದು ಹೊತ್ತನ್ನು ನಿಲ್ಲಿಸಿದ ರುಚಿ.

"ನೀವು ಹೇಳಿದ ಹಾಗೆ ನಡೆದುಕೊಂಡು ಹೋಗಿ ನೋಡುವುದಲ್ಲ ಟೀಚರೇ, ಕೂತುಕೊಂಡು ನೋಡಬೇಕು" ಎಂದರು ಅವರು. ಆ ಮಾತನ್ನು ಹಿಡಿದುಕೊಂಡು, ಹಿತ್ತಿಲಿನವರ ಒಪ್ಪಿಗೆ ಪಡೆದು, ಮರುದಿನ ನಾನು ಒಂದೇ ಮರದ ಬುಡದಲ್ಲಿ ಮೂರು ಹೊತ್ತು ಕುಳಿತೆ.

ಬೆಳಗ್ಗೆ ಏಳಕ್ಕೆ ಇಳಿಸಿದ ಕುಡಿಕೆಯಿಂದ ಒಂದು ಸಣ್ಣ ಲೋಟದಷ್ಟು ಬಗ್ಗಿಸಿ, ಉಳಿದದ್ದರಿಂದ ಒಂದು ಬಾಟಲಿಯ ಅರ್ಧವನ್ನು ನನಗೆಂದು ತೆಗೆದಿರಿಸಿದರು; ಬಾಯಿಯನ್ನು ಬಿಗಿಯಾಗಿ ಮುಚ್ಚಬಾರದು, ಸಿಡಿಯುತ್ತದೆ ಎಂದು ಬಾಳೆಎಲೆಯ ಚೂರನ್ನು ಸುರುಳಿ ಸುತ್ತಿ ಸಿಕ್ಕಿಸಿದರು. ಬಣ್ಣ ಅಕ್ಕಿ ತೊಳೆದ ಎರಡನೆಯ ನೀರಿನದು. ಅಂಚಿನಲ್ಲಿ ನೊರೆ, ಕಿವಿ ಕೊಟ್ಟರೆ ಸಣ್ಣಗೆ ಚರಚರ ಸದ್ದು. ಮೂಸಿದಾಗ ನನ್ನ ಎಂಟು ವರ್ಷದ ಮೂಗು ಮರಳಿ ಬಂತು: ಕಪ್ಪಾದ ಸಿಪ್ಪೆಯ ಕದಳಿ, ಅದರ ಹಿಂದೆ ಒದ್ದೆ ಮಣ್ಣಿನ ಕುಡಿಕೆ. ಬಾಯಿಗೆ ಬಿಟ್ಟರೆ ಮೊದಲು ಸಿಹಿ, ಅದು ಮುಗಿಯುವ ಮೊದಲೇ ನಾಲಿಗೆಯ ಬದಿಗಳಲ್ಲಿ ಹುಳಿಯ ಚುರುಕು, ಕೊನೆಗೆ ಎಳನೀರಿನ ಗಂಜಿಯಲ್ಲಿರುವಂತಹ ತೆಳ್ಳಗಿನ ಒಗರು. ನಾನು ಇದನ್ನೆಲ್ಲ ಹೇಳುತ್ತಿರುವಾಗ ಅವರು ಗಮನವಿಟ್ಟು ಕೇಳಿ, "ರಾತ್ರಿ ತಂಪಿತ್ತು, ಅದಕ್ಕೆ ಇನ್ನೂ ಎಳತು" ಎಂದರು. ನಾನು ಲೋಟವನ್ನು ಅವರ ಕಡೆಗೆ ಚಾಚಿದೆ. ಅವರು ಕೈಮುಗಿದರು. "ನಾನು ಕುಡಿಯುವುದಿಲ್ಲ. ಮೂಗು ಸಾಕು." ಅವರ ಮನೆಯ ಜಗಲಿಯಲ್ಲಿ ಗುರುಗಳ ಚಿತ್ರಪಟವಿದೆ ಎಂದು ಆಗ ನನಗೆ ನೆನಪಾಯಿತು. ನಲುವತ್ತು ವರ್ಷಕ್ಕೂ ಹೆಚ್ಚು ಕಾಲ ಮರ ಹತ್ತಿ ಇಳಿದವರು ಈ ಊರಿನ ಕಳ್ಳನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲರು, ಅದೂ ಒಂದು ತೊಟ್ಟನ್ನೂ ನಾಲಿಗೆಗೆ ಮುಟ್ಟಿಸದೆ. ಈ ಅರಿವಿನ ಮುಂದೆ ನನಗೆ ಮಾತು ಹೊರಡಲಿಲ್ಲ.

ಮಧ್ಯಾಹ್ನ ಅವರು ಬಂದದ್ದು ಕಳ್ಳು ಇಳಿಸಲಿಕ್ಕಲ್ಲ, ಹೊಂಬಾಳೆಯನ್ನು ಬಡಿದು ಸವರಲಿಕ್ಕೆ. ಅಷ್ಟರಲ್ಲಿ ಬಾಟಲಿಯೊಳಗಿನದು ಬೇರೆಯಾಗಿತ್ತು. ಸಿಹಿ ಬಹುಮಟ್ಟಿಗೆ ಹೋಗಿ, ಮೂಗಿಗೆ ಘಾಟು ಹೊಡೆಯುವಂತಾಗಿ, ಕದಳಿ ಮರೆಯಾಗಿ ಮೊಸರಿನ ತಿಳಿಯಂತಹ ವಾಸನೆ ಮುಂದಾಗಿತ್ತು. ಯೀಸ್ಟ್ ಒಂದೇ ಅಲ್ಲದೆ ಮೊಸರು ಹೆಪ್ಪುಗಟ್ಟಿಸುವ ಜಾತಿಯ ಬ್ಯಾಕ್ಟೀರಿಯಾಗಳೂ ಕಳ್ಳಿನಲ್ಲಿ ದುಡಿಯುತ್ತವೆ. ಬಿಸಿಲು ಏರಿದಂತೆ ಅವುಗಳ ಕೆಲಸ ಚುರುಕಾಗುತ್ತದೆ. ಒಂದು ಗುಟುಕಿಗೇ ಕಿವಿ ಬಿಸಿಯಾಯಿತು. ಅವರು ಬಾಟಲಿಯ ಬಾಯನ್ನು ದೂರದಿಂದಲೇ ಮೂಸಿ, "ಬಲಿತಿದೆ, ಶಾಪಿನಲ್ಲಿ ಇದನ್ನೇ ಕೇಳುವುದು" ಎಂದರು. ಬೆಂಗಳೂರಿನ ಹುಡುಗ ನಾಲ್ಕು ಮನೆಗಳಲ್ಲಿ ನನಗೆ ತೋರಿಸಿದಷ್ಟು ಅಂತರ ಈ ಐದು ಗಂಟೆಗಳೊಳಗೆ, ಒಂದೇ ಬಾಟಲಿಯಲ್ಲಿ ಇತ್ತು. ಅಲ್ಲಿ ಬೇರೆ ರುಚಿ ಬೇಕೆಂದರೆ ಬೀದಿ ದಾಟಬೇಕಾಗಿತ್ತು. ಇಲ್ಲಿ ನಾನು ಕುಳಿತಲ್ಲಿಂದ ಏಳಲಿಲ್ಲ. ನೆರಳು ಮಾತ್ರ ಮರದ ಪಡುವಣ ಮಗ್ಗುಲಿನಿಂದ ಬುಡಕ್ಕೆ ಸರಿದು, ಆಮೇಲೆ ಮೂಡಣಕ್ಕೆ ಚಾಚಿತು.

ಇಂತಹದೊಂದು ಬೈಠಕ್ಕನ್ನು ನಮ್ಮ ಊರಿನಲ್ಲಿಯೂ ಏರ್ಪಡಿಸಬಾರದೇ ಎಂದು ಅಕ್ಕನ ಮಗ ಫೋನಿನಲ್ಲಿ ಕೇಳಿದ. ನನಗೂ ಆಸೆಯಿದೆ. ಆದರೆ ಹತ್ತು ಜನರನ್ನು ಕರೆತಂದು ಮರದ ಬುಡದಲ್ಲಿ ಕೂರಿಸಿದರೆ, ಮೇಲೆ ಜೀವವನ್ನು ಕಾಲಿಗೆ ಸಿಕ್ಕಿಸುವ ಹಗ್ಗದ ತಳೆಗೆ ಒಪ್ಪಿಸಿ ನಿಂತವರು ನೋಟದ ವಸ್ತುವಾಗಬಾರದು. ಅವರೇ ಮಾತಾಡಬೇಕು, ಉಳಿದವರು ಕೇಳಬೇಕು, ಆ ದಿನದ ಕೂಲಿಯೂ ಗೌರವವೂ ಮೊದಲು ಅವರಿಗೆ ಸಲ್ಲಬೇಕು. ಇಷ್ಟನ್ನು ಅವರಲ್ಲಿ ಹೇಳಿದಾಗ, "ನನ್ನ ಮಗ ದುಬೈಯಲ್ಲಿದ್ದಾನೆ, ಅವನಿಗೆ ಇದೆಲ್ಲ ಗೊತ್ತಿಲ್ಲ, ಗೊತ್ತಾಗಬೇಕು ಅಂತ ನನಗೂ ಇರಲಿಲ್ಲ" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಬೇಕಾದರೆ ಬರೆದಿಡಿ" ಎಂದರು.

ಸಂಜೆ ಬಾಟಲಿಯಲ್ಲಿ ಉಳಿದದ್ದು ಮುದಿಯಾಗುವ ದಾರಿ ಹಿಡಿದಿತ್ತು. ಗಾಳಿ ತಾಗಿದಂತೆ ಮದ್ಯಸಾರ ವಿನೆಗರ್ ಆಗತೊಡಗುತ್ತದೆ. ಬಿಯರಿನ ಚಕ್ರದಲ್ಲಿ ಅದಕ್ಕೆ ದೋಷದ ಮನೆಯಲ್ಲಿ ಜಾಗ, ಇಲ್ಲಿ ಮೀನಿನ ಸಾರಿಗೆ ಹುಳಿ ಹಿಡಿಯುವವರ ಮನೆಯಲ್ಲಿ ಜಾಗ. ನಾನು ಅರ್ಧ ಗುಟುಕು ಮಾತ್ರ ತೆಗೆದುಕೊಂಡು, ಉಳಿದದ್ದನ್ನು ರಾತ್ರಿ ಸಾನ್ನದ ಹಿಟ್ಟಿಗೆ ಹಾಕಿ ನೋಡೋಣವೆಂದು ಎತ್ತಿಟ್ಟೆ. ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು, ಚಕ್ರದ ಹೊರ ಅಂಚಿನ ಬಿಳಿ ಜಾಗದಲ್ಲಿ ಪೆನ್ಸಿಲಿನಿಂದ ಬರೆಯತೊಡಗಿದೆ. ಬೆಳಗ್ಗೆ 7, ತಂಪು ರಾತ್ರಿ, ಎಳತು, ಕದಳಿ, ಒದ್ದೆ ಕುಡಿಕೆ. ಮಧ್ಯಾಹ್ನ 12, ಬಿಸಿಲು, ಬಲಿತದ್ದು, ಮೊಸರಿನ ತಿಳಿ, ಘಾಟು. ಅಷ್ಟರಲ್ಲಿ ಅವರು ಹೊಸ ಕುಡಿಕೆಯನ್ನು ಸೊಂಟಕ್ಕೆ ಸಿಕ್ಕಿಸಿ ಮೂರನೆಯ ಸಲ ಹತ್ತಿಯಾಗಿತ್ತು. ಶಾಪಿನ ಜೀಪು ಆರಕ್ಕೆ ಬರುತ್ತದೆ. ಗರಿಗಳ ನಡುವಿನಿಂದ ಅವರ ಧ್ವನಿ ಕೇಳಿತು, "ಗಂಟೆ ಎಷ್ಟಾಯಿತು ಟೀಚರೇ?"

"ಐದೂವರೆ" ಎಂದೆ.

ಮೇಲೆ ಬಡಿಯುವ ಸದ್ದು ತೊಡಗಿತು.